ಬಾಯಲ್ಲೇ ಮಕ್ಕಳನ್ನು ಸಾಕುವ ಮೀನು

ಕಲಬುರಗಿಯಲ್ಲಿ ಕೂಲರ್, ಫ್ರಿಜ್ ರಿಪೇರಿ ಮಾಡುವವನಿಗೆ ಏಪ್ರಿಲ್-ಮೇ ತಿಂಗಳಲ್ಲಿ ಉಸಿರಾಡಲಿಕ್ಕೂ ಪುರುಸೊತ್ತಿರುವುದಿಲ್ಲ. ಬಿಸಿಲು 42-43 ಡಿಗ್ರಿಗೆ ಏರಿತೆಂದರೆ ಎಲ್ಲರಿಗೂ ಅವತ್ತೇ, ಆಗಲೇ ಬರಬೇಕು. ಆ ದಿನಗಳಲ್ಲಿ ಯಾರನ್ನಾದರೂ ಕಾಯಿಸುತ್ತೇನೆ. ಒಂದು ಮಕ್ಕಳ ಕ್ಲಿನಿಕ್ಕಿನಿಂದ ಫೋನ್ ಬಂದರೆ ಮಾತ್ರ ಕೈಲಿದ್ದ ಪಾನಾ ಕೆಳಗಿಟ್ಟು ಹೊರಡುತ್ತೇನೆ. ಅಲ್ಲಿನ ಕಂಪೌಂಡರ್ ಹುಡುಗ, "ಅಣ್ಣಾರ, ಫ್ಯಾನ್ ನಿಂತದ. ನೀರು 30ಕ್ಕ ಹೋಗ್ಯದ. ಜಲ್ದಿ ಬರ್ರಿ" ಅಂದರೆ ಸಾಕು. ಆ ನೀರಿನಲ್ಲಿ ಬಂಗ್ಗಾಯ್ ಕಾರ್ಡಿನಲ್ ಮೀನುಗಳಿವೆ.

ಪೇಶೆಂಟುಗಳು ಕೂರುವ ಕೋಣೆಯಲ್ಲಿ ಡಾಕ್ಟರ್ ಸಾಹೇಬರು ಇಟ್ಟಿರುವ ಇನ್ನೂರು ಲೀಟರಿನ ಉಪ್ಪುನೀರಿನ ಟ್ಯಾಂಕು ಅದು. ಮೊದಲು ನನ್ನನ್ನು ಕರೆದದ್ದು ಅದರ ಚಿಲ್ಲರ್ ಕೆಟ್ಟಾಗ. ಚಿಲ್ಲರ್ ಎಂದರೆ ಒಳಗೆ ಫ್ರಿಜ್ಜೇ: ಅದೇ ಕಂಪ್ರೆಸರ್, ಅದೇ ಕಂಡೆನ್ಸರ್. ಆದರೆ ನೀರು ಹಾಯುವ ಕಡೆ ತಾಮ್ರದ ಕಾಯಿಲ್ ಬದಲು ಟೈಟಾನಿಯಂ ಕಾಯಿಲ್ ಹಾಕಿರುತ್ತಾರೆ. ಉಪ್ಪುನೀರು ತಾಮ್ರವನ್ನು ತಿನ್ನುತ್ತದೆ. ಕರಗಿದ ತಾಮ್ರ ಸಿಗಡಿ, ಹವಳ, ಅನಿಮೋನ್ (ಹೂವಿನಂತೆ ಎಳೆ ಬಿಚ್ಚುವ ಕಡಲ ಪ್ರಾಣಿ) ಇಂಥ ಜೀವಗಳಿಗೆ ವಿಷ. ಆ ಕಾಯಿಲ್ ನಮ್ಮ ಊರಲ್ಲಿ ಸಿಗಲಿಲ್ಲ. ಬೇರೆ ಕಡೆಯಿಂದ ತರಿಸುವವರೆಗೆ ಮೀನು ಉಳಿಯಬೇಕಲ್ಲ? ಕಂಪ್ಯೂಟರಿನ ನಾಲ್ಕು ಸಣ್ಣ ಫ್ಯಾನ್ ತಂದು ನೀರಿನ ಮೇಲೆ ಓರೆಯಾಗಿ ಗಾಳಿ ಬೀಸುವ ಹಾಗೆ ಕಟ್ಟಿದೆ. ಮಧ್ಯಾಹ್ನ 31 ಇದ್ದ ನೀರು ಸಂಜೆಗೆ 27ಕ್ಕೆ ಬಂತು. ಅಂದಿನಿಂದ ಇಂದಿನವರೆಗೆ ಆ ಟ್ಯಾಂಕನ್ನು ನೋಡಿಕೊಳ್ಳುವವನು ನಾನೇ.

ಇದು ಕಲಬುರಗಿಯಲ್ಲಿ ಇಷ್ಟು ಚೆನ್ನಾಗಿ ನಡೆಯುವುದಕ್ಕೆ ನಮ್ಮ ಒಣ ಬಿಸಿಲೇ ಕಾರಣ, ಅದನ್ನು ಬಿಡಿಸಿ ಹೇಳಬೇಕು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಆ ಶಾಖವನ್ನು ಉಳಿದ ನೀರಿನಿಂದಲೇ ಎಳೆದುಕೊಂಡರೆ, ಇನ್ನೂರು ಲೀಟರಿನ ಟ್ಯಾಂಕು ಹತ್ತಿರ ಹತ್ತಿರ ಮೂರು ಡಿಗ್ರಿ ಇಳಿಯುತ್ತದೆ. ಮನೆಯ ಕೂಲರಿನಲ್ಲಿ ಹುಲ್ಲಿನ ಮೇಲೆ ನೀರು ಇಳಿಸಿ ನಾವು ಮಾಡುವುದೂ ಇದನ್ನೇ. ಗಾಳಿಯಲ್ಲಿ ತೇವ ಕಡಿಮೆ ಇದ್ದಷ್ಟೂ ಕೆಲಸ ಜೋರು. ಸಮುದ್ರದ ದಂಡೆಯ ಊರುಗಳಲ್ಲಿ ಇದೇ ಫ್ಯಾನ್ ಇಷ್ಟು ಕೆಲಸ ಮಾಡುವುದಿಲ್ಲ, ನಮ್ಮಲ್ಲೂ ಜುಲೈ-ಆಗಸ್ಟಿನಲ್ಲಿ ಮಂದವಾಗುತ್ತದೆ. ಆದರೆ ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಲೀಟರಿಗೆ 35 ಗ್ರಾಂ ಇರಬೇಕಾದ ಉಪ್ಪು ದಿನದಿಂದ ದಿನಕ್ಕೆ ಏರುತ್ತಾ ಹೋಗುತ್ತದೆ. ಅದಕ್ಕೆ ದಿನಾ ಬೆಳಿಗ್ಗೆ ಗುರುತಿನವರೆಗೆ ಸಿಹಿನೀರು ತುಂಬಬೇಕು, ಅದೂ ಆರ್‌ಒ ನೀರು. ನಮ್ಮ ಬೋರಿನ ನೀರು ಗಡಸು. ಕೊಡದ ಒಳಗೆ ಬಿಳಿ ಪದರ ಕಟ್ಟುವುದನ್ನು ಇಲ್ಲಿಯವರೆಲ್ಲ ನೋಡಿದ್ದಾರೆ.

ಆ ಗಡಸುತನಕ್ಕೆ ಕಾರಣ ಕಾಲ ಕೆಳಗಿನ ಸುಣ್ಣದ ಕಲ್ಲು. ಕ್ಲಿನಿಕ್ಕಿನ ನೆಲಕ್ಕೆ ಹಾಸಿದ್ದು ಶಹಾಬಾದ್ ಫರಸಿ. ಭೀಮಾ ತೀರದ ಈ ಕಲ್ಲು ಒಂದು ಕಾಲಕ್ಕೆ ಆಳವಿಲ್ಲದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕೆಸರು. ಭೂಮಿಯ ಮೇಲೆ ಮೀನುಗಳೇ ಇನ್ನೂ ಹುಟ್ಟಿರದ ಕಾಲದ್ದು. ಟ್ಯಾಂಕಿನ ಸ್ಟ್ಯಾಂಡ್ ಕೂರಿಸಲು ಆ ಫರಸಿಯ ಮಟ್ಟ ಹಿಡಿಯುವಾಗ ಈ ಮಾತು ನನ್ನ ತಲೆಯಲ್ಲಿ ಬಹಳ ಹೊತ್ತು ಓಡಿತು.

ಇನ್ನು ಮೀನಿನ ವಿಷಯ. ಬೆಳೆದ ಬಂಗ್ಗಾಯ್ ಅಂಗೈಯೊಳಗೆ ಕೂರುವಷ್ಟೇ, ಎಂಟು ಸೆಂಟಿಮೀಟರ್ ದಾಟುವುದಿಲ್ಲ. ಬೆಳ್ಳಿ ಮೈ, ಅದರ ಮೇಲೆ ಮೂರು ಕಪ್ಪು ಅಡ್ಡಪಟ್ಟಿ, ರೆಕ್ಕೆಗಳ ಮೇಲೆ ಚಿಮುಕಿಸಿದಂಥ ಬಿಳಿ ಚುಕ್ಕೆ, ಉದ್ದ ಕವಲೊಡೆದ ಬಾಲ. ಈಜುವುದೂ ನಿಧಾನ. ಒಂದೇ ಜಾಗದಲ್ಲಿ ನೀರಿನ ನಡುವೆ ನಿಂತು ರೆಕ್ಕೆ ಆಡಿಸುತ್ತಿರುತ್ತದೆ. ಜ್ವರದಿಂದ ಅಳುತ್ತಾ ಬಂದ ಮಗು ಅದರ ಎದುರು ಸುಮ್ಮನಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಡಾಕ್ಟರ್ ಸಾಹೇಬರು ಬಣ್ಣ ಬಣ್ಣದ ಬೇರೆ ಮೀನು ಬಿಟ್ಟು ಇದನ್ನೇ ಇಟ್ಟುಕೊಂಡದ್ದು ಅದಕ್ಕೇ.

ಇದು ಇಡೀ ಜಗತ್ತಿನಲ್ಲಿ ಹುಟ್ಟಿನಿಂದ ಸೇರಿದ್ದು ಒಂದೇ ಕಡೆಗೆ: ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ಪೂರ್ವಕ್ಕಿರುವ ಬಂಗ್ಗಾಯ್ ದ್ವೀಪಗಳು. ಅಲ್ಲಿಯೂ ಆಳ ಸಮುದ್ರದಲ್ಲಿಲ್ಲ. ದಂಡೆಯ ಹತ್ತಿರ, ಆಳವಿಲ್ಲದ ಕೊಲ್ಲಿಗಳಲ್ಲಿ, ಹವಳದ ದಿಬ್ಬ, ಕಡಲ ಹುಲ್ಲು ಇರುವ ಕಡೆ ಮಾತ್ರ. ಸೀ ಅರ್ಚಿನ್ ಎಂಬ ಗುಂಡನೆ ಪ್ರಾಣಿ ಇದೆ, ಮೈಯೆಲ್ಲ ಸೂಜಿಯಂಥ ಉದ್ದ ಕಪ್ಪು ಮುಳ್ಳು. ಈ ಮೀನುಗಳು ಅದರ ಸುತ್ತ ಗುಂಪಾಗಿ ನಿಂತಿರುತ್ತವೆ. ದೊಡ್ಡ ಮೀನು ಬಂದರೆ ಎಲ್ಲವೂ ಮುಳ್ಳಿನ ನಡುವೆ ನುಗ್ಗುತ್ತವೆ. ಮೈಮೇಲಿನ ಕಪ್ಪು ಪಟ್ಟಿ ಆ ಮುಳ್ಳುಗಳ ನಡುವೆ ಕಾಣದಂತೆ ಸೇರಿಹೋಗುತ್ತದೆ. ತೀರಾ ಸಣ್ಣ ಮರಿಗಳು ಸೀ ಅನಿಮೋನ್‌ನ ಎಳೆಗಳೊಳಗೂ ಅಡಗುತ್ತವೆ.

ಈ ಮೀನಿನಲ್ಲಿ ಮೊಟ್ಟೆ ಕಾಯುವವನು ಗಂಡು. ಹೆಣ್ಣು ಮೊಟ್ಟೆ ಇಟ್ಟ ಕೂಡಲೇ ಗಂಡು ಆ ಇಡೀ ಮುದ್ದೆಯನ್ನು ಬಾಯಿಗೆ ತೆಗೆದುಕೊಳ್ಳುತ್ತದೆ. ಸಂಖ್ಯೆ ಸಾವಿರ ಅಲ್ಲ, ನೂರೂ ಅಲ್ಲ, ಕೆಲವು ಹತ್ತುಗಳು ಅಷ್ಟೇ. ಆದರೆ ಇಷ್ಟು ಸಣ್ಣ ಮೀನಿಗೆ ಮೊಟ್ಟೆ ದೊಡ್ಡದು, ಒಂದೊಂದೂ ಎರಡೂವರೆ ಮೂರು ಮಿಲಿಮೀಟರ್. ಗಂಡಿನ ಗದ್ದದ ಕೆಳಗೆ ಚೀಲದಂತೆ ಉಬ್ಬುತ್ತದೆ. ಸುಮಾರು ಇಪ್ಪತ್ತು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಆಗಲೂ ಮರಿಗಳನ್ನು ಹೊರಗೆ ಬಿಡುವುದಿಲ್ಲ, ಇನ್ನೊಂದು ವಾರ ಹತ್ತು ದಿನ ಬಾಯೊಳಗೇ ಇಟ್ಟುಕೊಳ್ಳುತ್ತದೆ. ಅಷ್ಟೂ ಕಾಲ ಅದಕ್ಕೆ ಊಟವಿಲ್ಲ. ಮುಂದೆ ತೇಲಿ ಬಂದ ತಿನಿಸನ್ನು ನೋಡುತ್ತದೆ, ಮುಖ ತಿರುಗಿಸುತ್ತದೆ. ಆಗಾಗ ಬಾಯಿ ಅರೆ ತೆರೆದು ಮೊಟ್ಟೆಯ ಮುದ್ದೆಯನ್ನು ಒಂದು ಸುತ್ತು ಹೊರಳಿಸುತ್ತದೆ, ಎಲ್ಲಕ್ಕೂ ನೀರು ಸೋಕಲಿ ಅಂತ. ಸಂಜೆ ಬೆಳಕಿನಲ್ಲಿ ಕೂತು ನೋಡಿದರೆ ಬಾಯೊಳಗೆ ಬೆಳ್ಳಿಯ ಕಣ್ಣುಗಳು ಕಾಣುತ್ತವೆ.

ಆಳಂದ ಕಡೆಯಿಂದ ಮೊಮ್ಮಗನನ್ನು ಕರೆತಂದಿದ್ದ ಒಬ್ಬ ಆಯಿ ನಾನು ಟ್ಯಾಂಕಿನ ಗಾಜು ಒರೆಸುತ್ತಿದ್ದಾಗ ಕೇಳಿದರು: "ಆ ಮೀನಿಗಿ ಗಂಟಲ ಬಾತದೇನೋ ತಮ್ಮಾ? ಎಲ್ಲಾ ತಿನ್ನಲತ್ತಾವ, ಅದೊಂದೇ ಸುಮ್ಮ ನಿಂತದ."

"ಬಾತಿಲ್ಲ ಆಯೀ. ಬಾಯಾಗ ಮರಿ ಅವ. ಅದು ತಂದಿ. ಮರಿ ಬಿಡೋತನಕ ಏನೂ ತಿನ್ನಂಗಿಲ್ಲ."

"ತಂದಿ ಉಪಾಸ ಇರ್ತದ?"

"ಹೌದಾಯೀ."

ಆಯಿ ಕುರ್ಚಿಯನ್ನು ಟ್ಯಾಂಕಿನ ಪಕ್ಕಕ್ಕೇ ಎಳೆದುಕೊಂಡರು. ತಮ್ಮ ನಂಬರ್ ಕೂಗುವವರೆಗೆ ಅಲ್ಲಿಗೆ ಬಂದ ಹುಡುಗರಿಗೆಲ್ಲ, "ಗಾಜ ಬಡೀಬ್ಯಾಡ್ರೋ, ಒಳಗ ಬಸರಿ ಮೀನ ಅದ" ಎಂದು ಹೇಳುತ್ತಲೇ ಇದ್ದರು. ಅವರು ಮಾಡಿದ್ದು ಸರಿಯಾದ ಕೆಲಸ. ಗಾಬರಿಯಾದರೆ ಗಂಡು ಮೊಟ್ಟೆಗಳನ್ನು ಉಗುಳಿಬಿಡುತ್ತದೆ, ಇಲ್ಲವೆ ನುಂಗಿಬಿಡುತ್ತದೆ. ಆಮೇಲೆ ನಾನು ಗಾಜಿನ ಮೇಲೆ ಒಂದು ಚೀಟಿ ಅಂಟಿಸಿದೆ: "ಬಡಿಯಬೇಡಿ, ಬಾಯಲ್ಲಿ ಮರಿಗಳಿವೆ."

ಹವಳದ ದಿಬ್ಬದ ಬಹುಪಾಲು ಮೀನುಗಳು ಹೀಗೆ ಮಾಡುವುದಿಲ್ಲ. ಅವುಗಳ ಮರಿಗಳು ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದಿರುವಾಗಲೇ ಸಮುದ್ರದ ಪ್ರವಾಹಕ್ಕೆ ಸೇರಿ ವಾರಗಟ್ಟಲೆ ತೇಲುತ್ತವೆ. ಲಕ್ಷದಲ್ಲಿ ಎಷ್ಟೋ ಸಾಯುತ್ತವೆ, ಉಳಿದ ಕೆಲವು ಬೇರೆ ಯಾವುದೋ ದಿಬ್ಬಕ್ಕೆ ಹೋಗಿ ನೆಲೆಯಾಗುತ್ತವೆ. ಒಂದು ಕಡೆ ಬಲೆ ಹಾಕಿ ಖಾಲಿ ಮಾಡಿದರೂ ಪ್ರವಾಹ ಇನ್ನೆಲ್ಲಿಂದಲೋ ಮರಿಗಳನ್ನು ತಂದು ಹಾಕುತ್ತದೆ. ಬಂಗ್ಗಾಯ್ ಮರಿಗೆ ಆ ತೇಲುವ ಕಾಲವೇ ಇಲ್ಲ. ತಂದೆಯ ಬಾಯಿಂದ ಇಳಿಯುವಾಗಲೇ ಅದು ಪುಟ್ಟ ಬಂಗ್ಗಾಯ್, ಪಟ್ಟಿ ಸಮೇತ. ಇಳಿದಲ್ಲೇ ಮುಳ್ಳಿನ ಸಂದಿ ಹುಡುಕುತ್ತದೆ, ಅಲ್ಲೇ ಬೆಳೆಯುತ್ತದೆ, ಅಲ್ಲೇ ಮುಪ್ಪಾಗುತ್ತದೆ. ಕೆಲವೇ ಕಿಲೋಮೀಟರ್ ಅಂತರದ ಎರಡು ದಿಬ್ಬಗಳ ಮೀನುಗಳ ವಂಶವಾಹಿಯೂ ಬೇರೆ ಬೇರೆ ಎಂದು ತಳಿಶಾಸ್ತ್ರದವರು ಕಂಡಿದ್ದಾರೆ. ಒಂದು ಕೊಲ್ಲಿಯ ಮೀನನ್ನು ಪೂರಾ ಹಿಡಿದುಬಿಟ್ಟರೆ ಆ ಕೊಲ್ಲಿ ಖಾಲಿಯಾಗಿಯೇ ಉಳಿಯುತ್ತದೆ. ಪಕ್ಕದ ಕೊಲ್ಲಿಯಿಂದ ಯಾರೂ ಬರುವುದಿಲ್ಲ.

ಜಗತ್ತಿಗೆ ಈ ಮೀನು ಸಿಕ್ಕಿದ ಕಥೆ ನನಗೆ ಓದಿದಾಗಲೆಲ್ಲ ಸಂಕಟ ತರುತ್ತದೆ. ಸ್ವೀಡನ್ನಿನ ವಾಲ್ಟರ್ ಕೌಡರ್ನ್ ಎಂಬುವರು 1920ರಲ್ಲಿ ಬಂಗ್ಗಾಯ್‌ನಲ್ಲಿ ಇದನ್ನು ಸಂಗ್ರಹಿಸಿದರು. 1933ರಲ್ಲಿ ಡಚ್ ವಿಜ್ಞಾನಿ ಕೊಮನ್ಸ್ ಇದು ಹೊಸ ಪ್ರಭೇದವೆಂದು ವಿವರಿಸಿ ಕೌಡರ್ನ್ ಅವರ ಹೆಸರಿಟ್ಟರು: ಟೆರಾಪೋಗಾನ್ ಕೌಡರ್ನಿ. ಅದಾದ ಮೇಲೆ ಅರವತ್ತು ವರ್ಷ ಹೊರಜಗತ್ತು ಇದನ್ನು ಮರೆತೇ ಇತ್ತು. 1994ರಲ್ಲಿ ಮೀನುವಿಜ್ಞಾನಿ ಜೆರಾಲ್ಡ್ ಅಲೆನ್ ಅಲ್ಲಿ ನೀರಿಗಿಳಿದು ಮತ್ತೆ ಕಂಡರು, ಮರುವರ್ಷ ಅದರ ಬದುಕಿನ ಬಗ್ಗೆ ಬರೆದರು. ಅಕ್ವೇರಿಯಂ ವ್ಯಾಪಾರದವರಿಗೆ ಅಷ್ಟು ಸಾಕಾಯಿತು. ನಿಧಾನ ಈಜುವ, ಗುಂಪಾಗಿ ನಿಲ್ಲುವ, ಮೊಣಕಾಲುದ್ದ ನೀರಿನಲ್ಲೂ ಸಿಗುವ ಮೀನು. ಹಿಡಿಯಲು ಸಣ್ಣ ಕೈಬಲೆ ಸಾಕು. 2000ದ ನಂತರದ ಮೊದಲ ವರ್ಷಗಳಲ್ಲಿ ವರ್ಷಕ್ಕೆ ಆರರಿಂದ ಏಳು ಲಕ್ಷ ಮೀನು ಅಲ್ಲಿಂದ ಹೊರಗೆ ಹೋಗುತ್ತಿತ್ತು ಎಂದು ಅಂದಾಜು. ಅದೇ ಹೊತ್ತಿಗೆ ಅಲ್ಲಿದ್ದ ಒಟ್ಟು ಮೀನಿನ ಅಂದಾಜು ಸುಮಾರು 24 ಲಕ್ಷ. ಮೂರು-ನಾಲ್ಕು ಮೀನಿಗೆ ಒಂದರಂತೆ ವರ್ಷಾವರ್ಷ ಎತ್ತಿದರೆ, ಒಂದು ಸಲಕ್ಕೆ ಐವತ್ತು-ಅರವತ್ತು ಮರಿ ಮಾಡುವ ಜೀವ ಹೇಗೆ ತಾಳಿಕೊಳ್ಳಬೇಕು?

2007ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್ ಇದನ್ನು ಅಪಾಯದಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಪಟ್ಟಿಗೆ ಸೇರಿಸಬೇಕೆಂದು ಅಮೆರಿಕ ಪ್ರಸ್ತಾಪ ತಂದು ಹಿಂತೆಗೆದುಕೊಂಡಿತು. 2016ರಲ್ಲಿ ಯುರೋಪಿನ ಒಕ್ಕೂಟ ತಂದ ಪ್ರಸ್ತಾಪದ ಗತಿಯೂ ಅದೇ ಆಯಿತು. ಇಂಡೋನೇಷ್ಯಾ 2018ರಲ್ಲಿ ಸೀಮಿತ ರಕ್ಷಣೆ ಕೊಟ್ಟಿತು, ವರ್ಷದ ಕೆಲವು ತಿಂಗಳು ಈಗ ಅಲ್ಲಿ ಹಿಡಿಯುವಂತಿಲ್ಲ. ಇದು ಒಳ್ಳೆಯ ಹೆಜ್ಜೆ. ಆದರೆ ಮೀನನ್ನು ಬಿಟ್ಟು ಅದರ ಮನೆಯನ್ನು ಒಯ್ದರೂ ಹಾನಿ ಅಷ್ಟೇ. ಸೀ ಅರ್ಚಿನ್‌ಗಳನ್ನು ಜನ ತಿನ್ನಲು ಆರಿಸುತ್ತಾರೆ, ಅನಿಮೋನ್‌ಗಳು ವ್ಯಾಪಾರಕ್ಕೆ ಹೋಗುತ್ತವೆ. ಅಡಗಲು ಜಾಗವಿಲ್ಲದ ಮರಿಗಳನ್ನು ಬೇರೆ ಮೀನು ಮಾತ್ರವಲ್ಲ, ದೊಡ್ಡ ಬಂಗ್ಗಾಯ್‌ಗಳೇ ತಿನ್ನುತ್ತವೆ. ಇನ್ನೊಂದು ಸಂಗತಿ: ವ್ಯಾಪಾರದ ದಾರಿಯಲ್ಲಿ ಬಿಟ್ಟ ಮೀನುಗಳಿಂದ ಸುಲಾವೆಸಿಯ ಉತ್ತರದ ಲೆಂಬೆ ಜಲಸಂಧಿಯಲ್ಲೂ ಇವು ಹುಟ್ಟಿ ಹರಡಿವೆ. ಕೆಲವರು ಅದನ್ನೇ ತೋರಿಸಿ ಚಿಂತೆಯಿಲ್ಲ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಪರಊರಿನಲ್ಲಿ ಬಂದು ನೆಲೆಸಿದವು ತವರಿನ ಖಾಲಿ ಕೊಲ್ಲಿಯನ್ನು ತುಂಬುವುದಿಲ್ಲ.

ಇಷ್ಟೆಲ್ಲ ಬರೆಯಲು ಕಾರಣ ಕಳೆದ ವರ್ಷ ಫೋನಿನಲ್ಲಿ ಮಾತಾಡಿದ ಒಬ್ಬ ವ್ಯಾಪಾರಿ. ಡಾಕ್ಟರ್ ಸಾಹೇಬರಿಗೆ ಇನ್ನೊಂದು ಜೋಡಿ ಬೇಕಿತ್ತು. ಬೇರೆ ಊರಿನ ಆತ, ಸಮುದ್ರದ್ದು ತಗೊಳ್ಳಿ, ದೊಡ್ಡದಿರುತ್ತದೆ, ಹ್ಯಾಚರಿಯದಕ್ಕಿಂತ (ತೊಟ್ಟಿಯಲ್ಲಿ ಮರಿ ಮಾಡಿಸುವ ಕಡೆಯದಕ್ಕಿಂತ) ಅಗ್ಗ, ಎಂದ. ನಾನು ಬೇಡ ಅಂದೆ. ಎರಡೂ ನೋಡಲು ಒಂದೇ ಅಲ್ಲವೇ, ಯಾಕೆ ದುಡ್ಡು ಕಳೆಯುತ್ತೀರಿ ಅಂತ ಕೇಳಿದ. ನೋಡಲು ಒಂದೇ, ನಿಜ. ಆದರೆ ಒಂದನ್ನು ಕೊಂಡರೆ ಅಲ್ಲಿ ಒಂದು ಮುಳ್ಳುಚೆಂಡಿನ ಸುತ್ತಲಿನ ಗುಂಪಿನಿಂದ ಒಂದು ಕಡಿಮೆಯಾಗುತ್ತದೆ, ಆ ಜಾಗಕ್ಕೆ ಬೇರೆ ಬರುವುದಿಲ್ಲ. ಇನ್ನೊಂದು ಯಾವುದೋ ತೊಟ್ಟಿಯಲ್ಲೇ ಹುಟ್ಟಿದ್ದು. ಸಮುದ್ರದಲ್ಲಿ ಇದನ್ನು ಬಡವಾಗಿಸುವ ಗುಣವೇ ತೊಟ್ಟಿಯಲ್ಲಿ ವರವಾಗಿದೆ: ತೇಲುವ ಮರಿಯಿಲ್ಲ, ಮರಿ ದೊಡ್ಡದು, ಬಾಯಿಂದ ಇಳಿದ ದಿನವೇ ತಿನ್ನುತ್ತದೆ. ಬಹುಪಾಲು ಸಮುದ್ರ ಮೀನುಗಳನ್ನು ತೊಟ್ಟಿಯಲ್ಲಿ ಮರಿ ಮಾಡಿಸಲು ತಜ್ಞರೂ ಒದ್ದಾಡುತ್ತಾರೆ. ಇದು ಕಲಬುರಗಿಯ ಕ್ಲಿನಿಕ್ಕಿನಲ್ಲಿ, ಕೂಲರ್ ರಿಪೇರಿಯವನ ಕೈಯಲ್ಲಿ ಮರಿ ಮಾಡಿದೆ. ಇಂಥ ಮೀನನ್ನು ಇನ್ನೂ ಸಮುದ್ರದಿಂದ ಎತ್ತಿ ತರುವುದಕ್ಕೆ ನನಗೆ ಒಂದು ಕಾರಣವೂ ಕಾಣುವುದಿಲ್ಲ.

ಅಂಗಡಿಯಲ್ಲಿ ಕೇಳುವಾಗ ಬರೀ ಬಾಯಿಮಾತು ನಂಬಬೇಡಿ. ಎಲ್ಲಿ ಹುಟ್ಟಿದ್ದು, ಯಾವ ಹ್ಯಾಚರಿ ಎಂದು ಕೇಳಿ. ನಿಮ್ಮ ಕಣ್ಣೆದುರೇ ಒಣ ಕಾಳು ಹಾಕಿಸಿ ನೋಡಿ. ತೊಟ್ಟಿಯಲ್ಲಿ ಬೆಳೆದದ್ದು ಹೆಚ್ಚಾಗಿ ಓಡಿ ಬಂದು ತಿನ್ನುತ್ತದೆ. ಸಮುದ್ರದ್ದು ಎಷ್ಟೋ ಸಲ ಜೀವಂತ ಹುಳುವನ್ನಲ್ಲದೆ ಬೇರೆ ಮುಟ್ಟುವುದಿಲ್ಲ. ಹ್ಯಾಚರಿಯವು ಸಾಮಾನ್ಯವಾಗಿ ಸಣ್ಣವು, ಒಂದೇ ಅಳತೆಯವು. ಹಿಡಿದು ತಂದವುಗಳಲ್ಲಿ ಒಂದು ಇರಿಡೋವೈರಸ್ ರೋಗವೂ ಕಂಡುಬಂದಿದೆ. ಮೈ ಕಪ್ಪಾಗಿ, ತಿನ್ನುವುದು ಬಿಟ್ಟು, ಮಂಕಾಗಿ ಸಾಯುತ್ತವೆ.

ಮರಿ ಬೆಳೆಸುವ ಬಗ್ಗೆ ಕೇಳುವವರಿಗೆ ನನ್ನ ಅನುಭವ ಹೇಳುತ್ತೇನೆ. ಗುಂಪಿನಲ್ಲಿ ತಂದರೆ ಬೆಳೆದಂತೆ ಕಾದಾಟ ಶುರುವಾಗುತ್ತದೆ. ಒಂದು ಜೋಡಿ ಕೂಡಿಕೊಂಡು ಉಳಿದವನ್ನು ಮೂಲೆಗೆ ಒತ್ತುತ್ತದೆ, ಆ ಉಳಿದವನ್ನು ಕೂಡಲೇ ಬೇರೆ ಮಾಡಬೇಕು. ಗಂಡು ಮೊಟ್ಟೆ ಹಿಡಿದ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಮೂರನೆಯ ವಾರ ದಾಟಿದ ಮೇಲೆ ಗಂಡನ್ನು ಬಲೆಯಿಂದಲ್ಲ, ನೀರಿನ ಸಮೇತ ಡಬ್ಬಿಯಲ್ಲಿ ಎತ್ತಿ ಬೇರೆ ತೊಟ್ಟಿಗೆ ಬಿಡಿ. ಮರಿಗಳಿಗೆ ಮುಳ್ಳಿನ ಆಸರೆ ಬೇಕೇ ಬೇಕು. ಸೀ ಅರ್ಚಿನ್ ನನಗೆಲ್ಲಿಂದ ಸಿಗಬೇಕು? ನನ್ನ ಚೀಲದಲ್ಲಿ ವೈರ್ ಕಟ್ಟುವ ಕಪ್ಪು ಕೇಬಲ್ ಟೈ ಯಾವಾಗಲೂ ಇರುತ್ತವೆ. ತೂತು ಕೊರೆದ ಪ್ಲಾಸ್ಟಿಕ್ ಚೆಂಡಿಗೆ ಅವನ್ನು ಸುತ್ತಲೂ ಸಿಕ್ಕಿಸಿ, ಕೆಳಗೆ ಕಲ್ಲು ಕಟ್ಟಿ ಮುಳುಗಿಸಿದೆ. ಬಿಟ್ಟ ಮರಿಗಳು ನೇರ ಅದರೊಳಗೇ ಹೋದವು. ತಮ್ಮ ಪಟ್ಟಿಗಳನ್ನು ಆ ಟೈಗಳ ಸಾಲಿಗೆ ಹೊಂದಿಸಿ ನಿಂತದ್ದನ್ನು ನೋಡಿ ನನಗೆ ಕಣ್ಣು ತುಂಬಿತು. ಬಂಗ್ಗಾಯ್ ಕೊಲ್ಲಿಯನ್ನು ಅವು ಎಂದೂ ಕಂಡಿಲ್ಲ, ಅವುಗಳ ತಂದೆಯೂ ಕಂಡಿಲ್ಲ.

ತಿನ್ನಲು ಆಗತಾನೇ ಮೊಟ್ಟೆಯೊಡೆದು ಬಂದ ಆರ್ಟೀಮಿಯಾ ಎಂಬ ಸಿಗಡಿಯಂಥ ಪುಟ್ಟ ಜೀವಿ ಕೊಡಬೇಕು. ಅದರ ಮೊಟ್ಟೆಯ ಪುಡಿ ಡಬ್ಬಿಯಲ್ಲಿ ಬರುತ್ತದೆ. ಉಪ್ಪುನೀರಿನ ಬಾಟಲಿಗೆ ಹಾಕಿ ಗಾಳಿ ಬಿಟ್ಟರೆ ಒಂದು ದಿನಕ್ಕೆ ಒಡೆಯುತ್ತದೆ. ನಮ್ಮ ಬೇಸಿಗೆಯಲ್ಲಿ ಇನ್ನೂ ಬೇಗ. ಒಂದೇ ಸಲ ಬಹಳ ಹಾಕುವ ಬದಲು ದಿನಕ್ಕೆ ಮೂರು-ನಾಲ್ಕು ಸಲ ಸ್ವಲ್ಪ ಸ್ವಲ್ಪ. ಕ್ಲಿನಿಕ್ಕಿನ ಕಂಪೌಂಡರ್ ಹುಡುಗ ಮಕ್ಕಳಿಗೆ ಔಷಧಿ ಕೊಡುವ ಸಣ್ಣ ಡ್ರಾಪರಿನಿಂದಲೇ ಹಾಕುತ್ತಾನೆ, ಈಗ ನನಗಿಂತ ಅವನ ಕೈ ಪಳಗಿದೆ.

ಸದ್ಯ ಒಂದು ಇಂಚು ಬೆಳೆದ ಮರಿಗಳು ನಮ್ಮಲ್ಲಿವೆ. ಡಾಕ್ಟರ್ ಸಾಹೇಬರು ದುಡ್ಡು ತೆಗೆದುಕೊಳ್ಳುವುದಿಲ್ಲ. ಕಲಬುರಗಿ, ಬೀದರ್, ಯಾದಗಿರಿ, ಆಚೆ ಸೊಲ್ಲಾಪುರ, ಎಲ್ಲಿಯವರಾದರೂ ಉಪ್ಪುನೀರಿನ ಟ್ಯಾಂಕು ಇಟ್ಟವರಿದ್ದರೆ ಕೆಳಗೆ ಬರೆಯಿರಿ. ಟ್ಯಾಂಕು ಹಾಕಿ ಎರಡು ತಿಂಗಳಾದರೂ ಆಗಿರಬೇಕು, ನೀರಿನಲ್ಲಿ ಮೀನಿಗೆ ವಿಷವಾಗುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದಿರಬೇಕು. ಮಧ್ಯಾಹ್ನ ಕರೆಂಟ್ ಹೋದರೆ ಫ್ಯಾನ್ ಮತ್ತು ಗಾಳಿ ಪಂಪು ಯಾವ ಬ್ಯಾಟರಿ ಮೇಲೆ ಓಡುತ್ತವೆ ಎಂಬುದರ ಫೋಟೋ ಕಳಿಸಬೇಕು. ಅದಿಲ್ಲದವರಿಗೆ ನಾನೇ ಬಂದು ಜೋಡಿಸಿಕೊಡುತ್ತೇನೆ, ಸಾಮಾನಿನ ಖರ್ಚು ಮಾತ್ರ ನಿಮ್ಮದು. ಬಿಸಿಲಿನಲ್ಲಿ ಮೀನು ಸಾಗಿಸುವುದಿಲ್ಲ. ದೀಪಾವಳಿ ಮುಗಿದ ಮೇಲೆ ಬನ್ನಿ, ಬರುವಾಗ ಥರ್ಮೋಕೋಲ್ ಡಬ್ಬಿ ತನ್ನಿ.